ಕೋವಿ ಕೊಳ್ಳುವ ಮೊದಲು ಮನೆ ಅಳೆದೆ

2020ರ ಜನವರಿಯಲ್ಲಿ ನಮ್ಮ ಕಣದಿಂದ ನಾಲ್ಕು ಮೂಟೆ ಕಾಫಿ ರಾತ್ರೋರಾತ್ರಿ ಮಾಯವಾಯಿತು. ನಮ್ಮದು ಸಕಲೇಶಪುರ ತಾಲ್ಲೂಕು, ಹಾನಬಾಳು ಕಡೆ. ಪಕ್ಕದ ಮನೆ ಅಂದರೆ ಮುಕ್ಕಾಲು ಕಿಲೋಮೀಟರ್ ನಡೆಯಬೇಕು. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಹೆಂಡತಿ, ಇಬ್ಬರು ಮಕ್ಕಳು. ಮಗನಿಗೆ ಆಗ ಹನ್ನೊಂದು, ಮಗಳಿಗೆ ಆರು. ಕಾಫಿ ಹೋಗಿದ್ದಕ್ಕೆ ಬೇಜಾರಾಗಿತ್ತು, ನಿಜ. ಆದರೆ ಮಕ್ಕಳು ಮಲಗುವ ಕೋಣೆಯ ಕಿಟಕಿ ಕೆಳಗೆ ಎರಡು ಬೀಡಿ ತುಂಡು ಬಿದ್ದಿದ್ದವು. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಮನೆಯಲ್ಲಿ ಕೋವಿ ಇರಲಿಲ್ಲ ಅಂತಲ್ಲ. ಅಪ್ಪನ ಹೆಸರಲ್ಲಿ ಒಂದು ಜೋಡುನಳಿಗೆ ಇತ್ತು. ತಾತನ ಕಾಲದ ಇಂಗ್ಲೆಂಡಿನ ಕೋವಿ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ಬರುತ್ತಿತ್ತು, ನಳಿಗೆಗೆ ಕುಂಕುಮ ಹಚ್ಚಿಸಿಕೊಂಡು ಒಳಗೆ ಹೋಗುತ್ತಿತ್ತು. ಆ ಕುಂಕುಮ ಸರಿಯಾಗಿ ಒರೆಸದೆ ಬಿಟ್ಟ ಜಾಗದಲ್ಲೆಲ್ಲ ತುಕ್ಕು. 2016ರ ಆಯುಧ ನಿಯಮದ ಪ್ರಕಾರ, ಲೈಸೆನ್ಸ್ ಇದ್ದವರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರಿಗೆ ಅದನ್ನು ಕೊಡಲು ಅರ್ಜಿ ಹಾಕಬಹುದು. ಅಪ್ಪನಿಗೆ 72. ಹಾಗಾದರೆ ಅದನ್ನೇ ನನ್ನ ಹೆಸರಿಗೆ ಮಾಡಿಸಿಕೊಂಡರೆ ಆಯ್ತು ಅಂದುಕೊಂಡೆ.

ಕೋವಿ ರಿಪೇರಿಯವರ ಹತ್ತಿರ ತೋರಿಸಿದ್ದು ಒಳ್ಳೇದಾಯಿತು. ಅವರು ತೋಟೆ, ಅಂದರೆ ಕಾಡತೂಸು, ಕೂರುವ ಭಾಗವನ್ನು ಅಳೆದು 65 ಮಿಲಿಮೀಟರ್ ಅಂದರು. ಅಪ್ಪ ತಂದಿಟ್ಟಿದ್ದ ತೋಟೆ ಪೆಟ್ಟಿಗೆಯ ಮೇಲೆ 70 ಅಂತಿತ್ತು. ‘ಸಲೀಸಾಗಿ ಒಳಗೆ ಹೋಗುತ್ತಲ್ಲ’ ಅಂದೆ. ಅಪಾಯ ಇರುವುದೇ ಅಲ್ಲಿ. ಪೆಟ್ಟಿಗೆ ಮೇಲೆ ಬರೆದಿರುವುದು ಈಡು ಹೊಡೆದ ಮೇಲೆ, ತೋಟೆಯ ಮಡಿಸಿದ ಬಾಯಿ ಬಿಚ್ಚಿಕೊಂಡಾಗ ಆಗುವ ಉದ್ದ. ಹೊಡೆಯುವ ಮೊದಲು ಅದು ಗಿಡ್ಡ. ಗಿಡ್ಡ ಜಾಗದಲ್ಲಿ ಬಾಯಿ ಬಿಚ್ಚಿಕೊಳ್ಳಲು ಹೋದರೆ ದಾರಿ ಇಕ್ಕಟ್ಟಾಗಿ ಒಳಗಿನ ಒತ್ತಡ ಏರುತ್ತದೆ. ಹಳೇ ನಳಿಗೆ ತಡೆಯುತ್ತದೆ ಅಂತ ಯಾರು ಹೇಳಬೇಕು? ಅಪ್ಪ ಇಷ್ಟು ವರ್ಷ ಹಂದಿ ಓಡಿಸಲು ಗಾಳಿಯಲ್ಲಿ ಅದೇ ತೋಟೆ ಹಾರಿಸಿದ್ದರು. ಮನೆಗೆ ಬಂದು ಹೇಳಿದಾಗ ಅವರು ಸುಮ್ನೆ ಅಂಗಳ ನೋಡುತ್ತಾ ಕುಳಿತರು.

ಸರಿ, ಬೇರೆಯದು ತಗೋಬೇಕು. ಯಾವುದು?

ನನ್ನ ಭಾವ ಕೊಡಗಿನ ಶನಿವಾರಸಂತೆ ಕಡೆಯವರು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಗಡಿ ದಾಟಿ ಹಾಸನ ಜಿಲ್ಲೆಗೆ ಬಂದರೆ ನಮ್ಮಂಥವರು ಜಿಲ್ಲಾಧಿಕಾರಿಗೆ ಅರ್ಜಿ ಹಾಕಲೇಬೇಕು. ಪೊಲೀಸ್ ವಿಚಾರಣೆ, ವೈದ್ಯರ ಸರ್ಟಿಫಿಕೇಟು, ಕೋವಿ ಹಿಡಿಯುವ ತರಬೇತಿ, ಮನೆಯಲ್ಲಿ ಭದ್ರವಾಗಿ ಇಡುತ್ತೇನೆ ಅಂತ ಮುಚ್ಚಳಿಕೆ. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಒಬ್ಬರಿಗೆ ಎರಡೇ ಕೋವಿ, ಲೈಸೆನ್ಸ್ ಅವಧಿ ಐದು ವರ್ಷ. ಈ ಓಡಾಟದ ಕಥೆ ಎಲ್ಲರಿಗೂ ಒಂದೇ, ಬಿಡಿ.

ನನ್ನ ಮನಸ್ಸು ಮೊದಲು ಹೋಗಿದ್ದು ರಿವಾಲ್ವರ್ ಕಡೆಗೆ. ಅಂಗಡಿಯಲ್ಲಿ ನಿರ್ಭೀಕ್ ತೋರಿಸಿದರು. ಕಾನ್ಪುರದಲ್ಲಿ ತಯಾರಾಗಿ 2014ರಲ್ಲಿ ಹೆಂಗಸರಿಗಾಗಿ ಅಂತಲೇ ಬಂದ ಪಾಯಿಂಟ್ 32 ರಿವಾಲ್ವರ್. ಅರ್ಧ ಕೆಜಿ ತೂಕ. ಹೆಂಡತಿ ಕೈಯಲ್ಲಿ ಹಿಡಿದು ನೋಡಿದಳು. ‘ಇದು ನನ್ನ ವ್ಯಾನಿಟಿ ಬ್ಯಾಗಿಗೂ ಹಿಡಿಸುತ್ತೆ, ಮಗನ ಸ್ಕೂಲ್ ಬ್ಯಾಗಿಗೂ ಹಿಡಿಸುತ್ತೆ’ ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಚಿಕ್ಕ ವಸ್ತು ಹಾಸಿಗೆ ಕೆಳಗೂ ಹೋಗುತ್ತದೆ, ಬೀರುವಿನ ಸೀರೆ ನಡುವೆಯೂ ಹೋಗುತ್ತದೆ. ಅಮ್ಮ ಚಕ್ಕುಲಿ ಡಬ್ಬ ಎಲ್ಲಿ ಬಚ್ಚಿಟ್ಟರೂ ಕಂಡುಹಿಡಿಯುವ ಮಕ್ಕಳು ನಮ್ಮವರು. ಜೊತೆಗೆ ಗಿಡ್ಡ ನಳಿಗೆಯ ರಿವಾಲ್ವರಿನಲ್ಲಿ ಗುರಿ ಹಿಡಿಯಲು ತುಂಬಾ ಅಭ್ಯಾಸ ಬೇಕು. ನನಗೆ ಅಷ್ಟು ಪುರುಸೊತ್ತು ಎಲ್ಲಿದೆ?

ಇನ್ನೊಬ್ಬ ಪ್ಲಾಂಟರ್ ಸ್ನೇಹಿತ ಪಾಯಿಂಟ್ 315 ರೈಫಲ್ ತಗೋ ಅಂದ. ಆನೆ ಓಡಾಡುವ ಜಾಗ ಅಂತ ಅವನ ವಾದ. ಆನೆಗೆ ಕೋವಿ ಎತ್ತುವ ಮಾತೇ ಇಲ್ಲ. ಆನೆ ಬಂದರೆ ಮನೆಯೊಳಗೇ ಇರುವುದು, ಅರಣ್ಯ ಇಲಾಖೆಯವರಿಗೆ ಫೋನ್ ಮಾಡುವುದು, ಅಷ್ಟೇ.

ಆ ರಾತ್ರಿ ಗೊಬ್ಬರದ ಬಿಲ್ಲಿನ ಹಿಂದೆ ಮನೆಯ ನಕ್ಷೆ ಬರೆದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಒಳ್ಳೆ ಕೆಲಸ ಇದೊಂದೇ ಇರಬೇಕು. ನಮ್ಮದು ಹಳೇ ಹೆಂಚಿನ ಮನೆ. ಹೊರಗೋಡೆ ದಪ್ಪ ಮಣ್ಣಿನದು, ಒಳಗೆ ಅರ್ಧ ಹಲಗೆ ಗೋಡೆ. ನನ್ನ ಕೋಣೆ ಬಾಗಿಲಿಂದ ಮುಂಬಾಗಿಲಿಗೆ ಏಳು ಮೀಟರ್. ಬಲಗಡೆ ಹಲಗೆಯ ಆಚೆ ಅಮ್ಮನ ಮಂಚ. ಎಡಗಡೆ ಮಕ್ಕಳು. ಅಡುಗೆಮನೆ ಹಿಂದೆ ನಲವತ್ತು ಮೀಟರಿಗೆ ಕೆಲಸದವರ ಲೈನ್ ಮನೆ, ಅಲ್ಲಿ ಮೂರು ಸಂಸಾರ. ಈಡು ಹೊಡೆಯಬಹುದಾದ ದಿಕ್ಕಿಗೆಲ್ಲ ಗೆರೆ ಎಳೆದೆ. ಪ್ರತಿ ಗೆರೆಯ ತುದಿಯಲ್ಲೂ ಯಾರೋ ಒಬ್ಬರು ಮಲಗಿದ್ದರು. ಉಳಿದಿದ್ದು ಒಂದೇ ಗೆರೆ. ಪಡಸಾಲೆಯಿಂದ ಮುಂಬಾಗಿಲಿಗೆ, ಅದರಾಚೆ ಅಂಗಳ, ಅಂಗಳದ ತುದಿಗೆ ಆಳೆತ್ತರದ ಮಣ್ಣಿನ ಧರೆ. ರೈಫಲ್ ಗುಂಡಿಗೆ ಹಲಗೆ ಗೋಡೆ ಲೆಕ್ಕಕ್ಕೇ ಇಲ್ಲ. ಬಯಲಿಗೆ ಬಿದ್ದರೆ ಕಿಲೋಮೀಟರ್ ದಾಟಿ ಹೋಗುತ್ತದೆ. ಸಣ್ಣ ಚರೆಯ, ಅಂದರೆ ಪುಟ್ಟ ಪುಟ್ಟ ಗುಂಡುಗಳ, ತೋಟೆ ಬೇಗ ಕಸುವು ಕಳೆದುಕೊಳ್ಳುತ್ತದೆ. ಆದರೂ ಮನೆಯೊಳಗಿನ ದೂರಕ್ಕೆ ಅದೂ ಹಲಗೆ ತೂರುತ್ತದೆ. ಹಾಗಾಗಿ 12 ಬೋರ್ ಅಳತೆಯ ಚರೆ ಕೋವಿ, ಸಣ್ಣ ಚರೆ, ಆ ಒಂದೇ ಗೆರೆ. ಬೇರೆ ದಿಕ್ಕಿಗೆ ಕೋವಿ ತಿರುಗಿಸುವುದಿಲ್ಲ ಅಂತ ನಕ್ಷೆ ಮೇಲೇ ಬರೆದೆ.

ಚರೆ ಕೋವಿಗೆ ಗುರಿ ಬೇಡ, ಸುಮ್ನೆ ಆ ಕಡೆ ತೋರಿಸಿದರೆ ಸಾಕು ಅಂತ ನಮ್ಮ ಕಡೆ ಒಂದು ಮಾತಿದೆ. ತರಬೇತಿಯಲ್ಲಿ ಆರು ಹೆಜ್ಜೆ ದೂರದ ರಟ್ಟಿಗೆ ಹೊಡೆದು ತೋರಿಸಿದರು. ತೂತು ನನ್ನ ಅಂಗೈಯಷ್ಟೂ ಇರಲಿಲ್ಲ. ಆ ದೂರದಲ್ಲಿ ಚರೆ ಇನ್ನೂ ಹರಡಿಕೊಂಡೇ ಇರುವುದಿಲ್ಲ.

12 ಬೋರಿನಲ್ಲೂ ಪಂಪ್ ಆಕ್ಷನ್, ಅಂದರೆ ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟೆ ಏರಿಸುವ ಕೋವಿ, ಸಿಗುತ್ತದೆ, ತಿರುಚ್ಚಿಯ ಕಾರ್ಖಾನೆಯದು. ಜಾಸ್ತಿ ತೋಟೆ ಹಿಡಿಸುತ್ತದೆ. ನಾನು ಜೋಡುನಳಿಗೆಯನ್ನೇ ಆರಿಸಿದ್ದಕ್ಕೆ ಕಾರಣ ಸರಳ. ಮಡಿಚಿದರೆ ಎರಡೂ ತೂತು ಕಾಣುತ್ತವೆ. ಖಾಲಿ ಇದೆಯೋ ಇಲ್ಲವೋ ಅಂತ ಅಮ್ಮನೂ ಪಡಸಾಲೆಯ ಆ ತುದಿಯಿಂದ ಹೇಳಬಲ್ಲಳು. ಪಂಪಿನಲ್ಲಿ ತೋಟೆ ಕೊಳವೆಯೊಳಗೆ ಅಡಗಿರುತ್ತದೆ. ಅನುಭವ ಇಲ್ಲದವರಿಗೆ ಗೊತ್ತಾಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಂಡೆ, ಲೈಸೆನ್ಸ್ ಇರುವ ಡೀಲರ್ ಮೂಲಕ. ರಿಪೇರಿಯವರನ್ನೂ ಕರೆದುಕೊಂಡು ಹೋಗಿದ್ದೆ. ಅವರು ಮೊದಲು 70 ಮಿಲಿಮೀಟರ್ ಹೌದೋ ಅಂತ ಅಳೆದರು. ಮುಚ್ಚಿದ ಕೋವಿಯನ್ನು ಕಿವಿ ಹತ್ತಿರ ಹಿಡಿದು ಅಲುಗಾಡಿಸಿದರು, ಸಂದಿನಲ್ಲಿ ಲಟಲಟ ಸದ್ದು ಬರಬಾರದು. ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದರು. ಒಳಗೆ ಕಾಣುವ ಬೆಳಕಿನ ಉಂಗುರ ಎಲ್ಲಾದರೂ ಸೊಟ್ಟಗಾದರೆ ಅಲ್ಲಿ ತಗ್ಗು ಬಿದ್ದಿದೆ ಅಂತ ಅರ್ಥ. ಕುದುರೆ, ಅಂದರೆ ತೋಟೆ ಸಿಡಿಸುವ ಸುತ್ತಿಗೆಯಂಥ ಭಾಗ, ಹೊರಗೆ ಇರುವ ಚೆಂದದ ಕೋವಿಯೊಂದು ನನ್ನ ಕಣ್ಣಿಗೆ ಬಿದ್ದಿತ್ತು. ಗಡಿಬಿಡಿಯಲ್ಲಿ, ಬೆವರಿದ ಹೆಬ್ಬೆರಳಲ್ಲಿ ಕುದುರೆ ಇಳಿಸಲು ಹೋಗಿ ಜಾರಿದರೆ ಕಥೆ ಏನು ಅಂತ ಕೇಳಿದರು. ಬಿಟ್ಟೆ. ತಗೊಂಡಿದ್ದು ಕುದುರೆ ಒಳಗಿರುವುದು. ಮಡಿಚಿದಾಗಲೆಲ್ಲ ಸೇಫ್ಟಿ ತಾನಾಗಿ ಬೀಳುತ್ತದೆ.

ಕೋವಿ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಕಪಾಟಿನಲ್ಲಿ, ತೋಟೆ ಬೇರೆ ಪೆಟ್ಟಿಗೆಯಲ್ಲಿ. ಎರಡಕ್ಕೂ ಬೇರೆ ಬೀಗ. ಮೊದಲ ತಿಂಗಳು ಒಂದು ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು ಎಷ್ಟು ಹೊತ್ತಾಗುತ್ತೆ ನೋಡಿದೆ. ಕೀ ಗೊಂಚಲು ಜೀಪಿನಲ್ಲಿತ್ತು! ಹೆಂಡತಿ ಈಗಲೂ ನೆಂಟರಿಗೆಲ್ಲ ಅದನ್ನು ಹೇಳಿ ನಗುತ್ತಾಳೆ. ಈಗ ಕಪಾಟಿಗೆ ನಂಬರ್ ಬೀಗ ಇದೆ. ಮಳೆಗಾಲದಲ್ಲಿ ಚರ್ಮದ ಚೀಲಕ್ಕೆ ಹಾಕಬೇಡಿ, ಅದು ತೇವ ಹಿಡಿದುಕೊಂಡು ಒಳಗೇ ತುಕ್ಕು ಹಿಡಿಸುತ್ತದೆ. ಕಾಗದದ ಹಳೇ ತೋಟೆ ನಮ್ಮ ಆಷಾಢಕ್ಕೆ ಊದಿಕೊಳ್ಳುತ್ತದೆ, ಪ್ಲಾಸ್ಟಿಕ್ಕಿನದು ವಾಸಿ.

ಇಷ್ಟೆಲ್ಲ ಆದ ಮೇಲೆ ಹೊಳೆದ ಒಂದು ವಿಷಯವನ್ನು ಮೊದಲೇ ಯೋಚಿಸಬೇಕಿತ್ತು. ಲೈಸೆನ್ಸ್ ಇರುವುದು ನನ್ನ ಹೆಸರಲ್ಲಿ. ಹೆಂಡತಿ ಅದನ್ನು ಬಳಸುವ ಹಾಗಿಲ್ಲ. ತೋಟದ ಲೆಕ್ಕ ನೋಡುವ ರೈಟರ್ ಕೈಗೂ ಕೊಡುವ ಹಾಗಿಲ್ಲ. ನಾನು ಹಾಸನದಲ್ಲೋ ಮದುವೆ ಮನೆಯಲ್ಲೋ ಇದ್ದ ರಾತ್ರಿ ಅದು ಕಳ್ಳರು ಕದಿಯಬಹುದಾದ ಇನ್ನೊಂದು ವಸ್ತು, ಅಷ್ಟೇ. ವಕೀಲರನ್ನು ಕೇಳಿದಾಗ ಇನ್ನೊಂದು ಬಿಡಿಸಿ ಹೇಳಿದರು. ರಾತ್ರಿ ಮನೆ ಒಡೆದು ಒಳನುಗ್ಗಿದವನ ವಿಷಯದಲ್ಲಿ ಕಾನೂನು ನಮಗೆ ರಕ್ಷಣೆ ಕೊಡುತ್ತದೆ, ಅದೂ ಅಗತ್ಯ ಇದ್ದಷ್ಟೇ. ಕಣದಿಂದ ಮೂಟೆ ಹೊತ್ತು ಓಡುವವನ ಬೆನ್ನಿಗೆ ಹೊಡೆದರೆ ಜೈಲಿಗೆ ಹೋಗುವವನು ನೀನೇ ಅಂದರು. ಅಂದರೆ ನಾನು ಯಾವ ಕಾರಣಕ್ಕೆ ಹೊರಟಿದ್ದೆನೋ, ಆ ಕಾಫಿಗೆ ಈ ಕೋವಿ ಉಪಯೋಗಕ್ಕೇ ಇಲ್ಲ. ಹಿಂಬಾಗಿಲಿಗೆ ಗ್ರಿಲ್ ಹಾಕಿಸಿದೆ. ಕಣಕ್ಕೆ ಸೆನ್ಸರ್ ಲೈಟ್ ಬಂತು. ಎರಡು ನಾಟಿ ನಾಯಿ ಸಾಕಿದೆ.

2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ರಿಂದ ನೀತಿಸಂಹಿತೆ ಬಂತು. ಎಲ್ಲರ ಹಾಗೆ ನಾನೂ ಕೋವಿಯನ್ನು ಸ್ಟೇಷನ್ನಿಗೆ ಕೊಟ್ಟು ರಸೀದಿ ತಂದೆ. ಮೆಣಸು ಕೊಯ್ದು ಒಣಗಿಸುವ ಹೊತ್ತು. ಏಪ್ರಿಲ್‌ನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ನಾಯಿ ಬೊಗಳಿದವು, ಕಣದ ಲೈಟ್ ಹತ್ತಿಕೊಂಡಿತು. ಗ್ರಿಲ್ ಒಳಗಿಂದಲೇ ಜೋರಾಗಿ ಕೂಗಿದೆ. ಲೈನ್ ಮನೆಯವರೂ ಎದ್ದರು. ತೋಟದೊಳಗೆ ಯಾರೋ ಓಡಿದ ಸದ್ದು. ಬೆಳಗ್ಗೆ ನೋಡಿದರೆ ಮೆಣಸು ಇಟ್ಟಲ್ಲೇ ಇತ್ತು, ಒಂದು ಹವಾಯಿ ಚಪ್ಪಲಿ ಜಾಸ್ತಿ ಸಿಕ್ಕಿತು.

ಜೂನ್‌ನಲ್ಲಿ ಕೋವಿ ವಾಪಸ್ ತಂದೆ. ಮಡಿಚಿ ನೋಡಿ, ಎಣ್ಣೆ ಒರೆಸಿ, ಕಪಾಟಿನಲ್ಲಿಟ್ಟೆ. ಅದೇ ವಾರ ಹಾಸನಕ್ಕೆ ಹೋದಾಗ ಇನ್ನೊಂದು ಸೆನ್ಸರ್ ಲೈಟ್ ಕೊಂಡೆ. ಕೊಟ್ಟಿಗೆ ಹಿಂದಿನ ಮೂಲೆಯಲ್ಲಿ ಇನ್ನೂ ಕತ್ತಲೆ ಇತ್ತು.