ಎರಡು ಕ್ಯಾಲೆಂಡರುಗಳ ಸಂದಿನಲ್ಲಿ ಒಂದು ಪಾರ್ಕ್ ಪ್ರವಾಸ

ನಮ್ಮ ಅಡುಗೆಕೋಣೆಯ ಗೋಡೆಯಲ್ಲಿ ಎರಡು ಕ್ಯಾಲೆಂಡರುಗಳು ತೂಗುತ್ತವೆ. ಕನ್ನಡದ್ದು ಏಕಾದಶಿ, ಸಂಕಷ್ಟಿ, ಚೌತಿ ನೋಡಲು. ಮಲಯಾಳದ್ದು ಮಕ್ಕಳ ಶಾಲೆಗೆ ಯಾವಾಗ ರಜೆ ಎಂದು ನೋಡಲು. ಕಾಸರಗೋಡಿನ ಕನ್ನಡದ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ಆದರೆ ಸೆಪ್ಟೆಂಬರಿನ ಹಾಳೆಗಳೆರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂದು ಕಾಣಿಸುತ್ತದೆ. ಕೇರಳದ ಶಾಲೆಗಳಿಗೆ ಓಣಂ ರಜೆ ಮುಗಿದಿರುತ್ತದೆ, ಕರ್ನಾಟಕದ ಶಾಲೆಗಳಿಗೆ ದಸರಾ ರಜೆ ಇನ್ನೂ ಸಿಕ್ಕಿರುವುದಿಲ್ಲ. ಮನೋರಂಜನಾ ಪಾರ್ಕುಗಳಲ್ಲಿ ರೈಡುಗಳು ಅರ್ಧ ಖಾಲಿ ಓಡುವ ದಿನಗಳು ಇವೇ.

ಈ ಸಂದನ್ನು ನಾನು ಹುಡುಕಿದ್ದು ಪೆಟ್ಟು ತಿಂದ ಮೇಲೆ. ಕೆಲವು ವರ್ಷಗಳ ಹಿಂದೆ ಕ್ರಿಸ್‌ಮಸ್ ರಜೆಯಲ್ಲಿ ಒಂದು ದೊಡ್ಡ ಪಾರ್ಕಿಗೆ ಹೋಗಿದ್ದೆವು. ಎರಡು ನಿಮಿಷದ ರೈಡಿಗೆ ಒಂದು ಗಂಟೆಗಿಂತ ಹೆಚ್ಚು ಸಾಲು ನಿಂತೆವು. ಕೊನೆಗೂ ಗೇಟಿನ ಬುಡಕ್ಕೆ ಬಂದಾಗ ಅಲ್ಲಿದ್ದ ಹುಡುಗ ಮಗಳನ್ನು ಅಳತೆಯ ಪಟ್ಟಿಗೆ ಒರಗಿಸಿ ನಿಲ್ಲಿಸಿ, ಎರಡು ಬೆರಳಿನಷ್ಟು ಕಡಿಮೆ ಎಂದು ಸನ್ನೆ ಮಾಡಿದ. ಸಾಲಿನಲ್ಲಿ ಹಿಂದೆ ನಿಂತವರನ್ನೆಲ್ಲ ಸರಿಸಿಕೊಂಡು ವಾಪಸು ಬರುವಾಗ ಅವಳು ಒಂದು ಮಾತೂ ಆಡಲಿಲ್ಲ. ತಪ್ಪು ಆ ಹುಡುಗನದಲ್ಲ. ದಿನವನ್ನೂ ನೋಡದೆ, ಮಗಳ ಎತ್ತರವನ್ನೂ ನೋಡದೆ ಹೊರಟವನು ನಾನು.

ಮೊದಲು ದಿನ, ಆಮೇಲೆ ಪಾರ್ಕ್

ಓಣಂನ ಮುಖ್ಯ ದಿನವಾದ ತಿರುವೋಣಂ ಸಿಂಹ ಮಾಸದ ಹಬ್ಬ. ಹಾಗಾಗಿ ಆಗಸ್ಟ್ ಮೂರನೆಯ ವಾರದಿಂದ ಸೆಪ್ಟೆಂಬರ್ ನಡುವಿನವರೆಗೆ ಎಲ್ಲಿಯೂ ಬೀಳಬಹುದು. 2023ರಲ್ಲಿ ಆಗಸ್ಟ್ 29ಕ್ಕೆ ಬಂದದ್ದು ಮರುವರ್ಷ ಸೆಪ್ಟೆಂಬರ್ 15ಕ್ಕೆ ಜಾರಿತು. 2025ರಲ್ಲಿ ಸೆಪ್ಟೆಂಬರ್ 5ಕ್ಕೆ ಓಣಂ ಆಯಿತು, 8ಕ್ಕೆ ಶಾಲೆ ತೆರೆಯಿತು. ಕರ್ನಾಟಕದಲ್ಲಿ 20ರಿಂದ ದಸರಾ ರಜೆ ಶುರುವಾಯಿತು. ನಡುವೆ ಸಿಕ್ಕಿದ್ದು ಹನ್ನೆರಡು ದಿನ. ಅದರಲ್ಲಿ ಶನಿವಾರ, ಭಾನುವಾರ ಕಳೆದರೆ ಹತ್ತು. ಒಂದು ಕುಟುಂಬಕ್ಕೆ ಬೇಕಾದದ್ದು ಅದರಲ್ಲಿ ಒಂದೇ ದಿನ ತಾನೆ?

ವಾರದ ದಿನವೇ ಆಗಬೇಕು, ಅದರಲ್ಲೂ ಮಂಗಳವಾರದಿಂದ ಗುರುವಾರದ ಒಳಗೆ. ಸೆಪ್ಟೆಂಬರ್ 21ನ್ನು ಮರೆಯಬೇಡಿ. ಅಂದು ಶ್ರೀ ನಾರಾಯಣ ಗುರುಗಳ ಸಮಾಧಿ ದಿನ, ಕೇರಳದಲ್ಲಿ ಸಾರ್ವಜನಿಕ ರಜೆ. ಕನ್ನಡ ಕ್ಯಾಲೆಂಡರನ್ನು ಮಾತ್ರ ನೋಡಿ ಟಿಕೆಟು ಮಾಡುವವರು ಎಡವುವುದು ಇಲ್ಲಿ. ಮೀಲಾದ್ ಹಬ್ಬವೂ ವರ್ಷವರ್ಷ ಹಿಂದಕ್ಕೆ ಸರಿಯುತ್ತದೆ, ಅದನ್ನೂ ನೋಡಿಕೊಳ್ಳಿ. ಗಣೇಶ ಚತುರ್ಥಿಗೆ ಕಾಸರಗೋಡು ಜಿಲ್ಲೆಯ ಶಾಲೆಗಳಿಗೆ ಸ್ಥಳೀಯ ರಜೆ ಸಿಗುತ್ತದೆ. ಕಣ್ಣೂರು, ಎರ್ನಾಕುಳಂ ಕಡೆ ಅದು ಕೆಲಸದ ದಿನವೇ. ಲೆಕ್ಕ ಹಾಕಿದರೆ ಪಾರ್ಕಿಗೆ ಅದರಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ. ಆದರೆ ಮನೆಯಲ್ಲಿ ಗಣಹೋಮ ಇಟ್ಟುಕೊಂಡು ವೇವ್ ಪೂಲಿಗೆ ಹೊರಡುತ್ತೇನೆಂದು ಅಮ್ಮನ ಎದುರು ಹೇಳುವ ಧೈರ್ಯ ನನಗಂತೂ ಇಲ್ಲ.

ಶಾಲೆಗೆ ಒಂದು ದಿನ ರಜೆ ಹಾಕಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಓಣಂ ಪರೀಕ್ಷೆ ರಜೆಗಿಂತ ಮೊದಲೇ ಮುಗಿದಿರುತ್ತದೆ, ಮುಂದಿನ ದೊಡ್ಡ ಪರೀಕ್ಷೆ ಡಿಸೆಂಬರಿನಲ್ಲಿ. ಟೀಚರಿಗೆ ಮೊದಲೇ ಪತ್ರ ಬರೆದು ಕೊಡಿ. ಜ್ವರ ಎಂದು ಸುಳ್ಳು ಬರೆಯಬೇಡಿ, ಮಗುವೇ ಮರುದಿನ ತರಗತಿಯಲ್ಲಿ ನಿಜ ಹೇಳಿಬಿಡುತ್ತದೆ.

ತೋಟ ಇರುವವರಿಗೂ ಇದು ಹೊಂದುವ ಕಾಲ. ಅಡಿಕೆಗೆ ಎರಡನೆಯ ಸಲ ಮದ್ದು ಬಿಟ್ಟು ಆಗಿರುತ್ತದೆ, ಕೊಯ್ಲಿಗೆ ಇನ್ನೂ ದಿನ ಇರುತ್ತದೆ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಿರುವುದಿಲ್ಲ, ಕೋಲ, ತೆಯ್ಯಂ ಕೂಡ ಶುರುವಾಗಿರುವುದಿಲ್ಲ. "ಆ ದಿನ ಅಲ್ಲಿ ಹೋಗಲಿಕ್ಕಿದೆ" ಎಂದು ತಪ್ಪಿಸಿಕೊಳ್ಳಲು ಯಾರಿಗೂ ನೆಪ ಸಿಗುವುದಿಲ್ಲ.

ಮಳೆಯ ಲೆಕ್ಕ

"ಮಳೆಗಾಲದಲ್ಲಿ ಪಾರ್ಕಿಗೆ ಹೋಗುವುದೆಂದರೆ ಹುಚ್ಚು" ಎಂದವರಿಗೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯೇ ಬೇರೆ, ಸೆಪ್ಟೆಂಬರಿನ ಮಳೆಯೇ ಬೇರೆ ಎಂದು ನೆನಪಿಸಬೇಕಾಗುತ್ತದೆ. ಈಗ ಒಂದು ಹದ ಹೊಯ್ದು ಬಿಸಿಲು ಬರುತ್ತದೆ. ನೀರಿನ ರೈಡಿನಲ್ಲಿ ಹೇಗೂ ನೆನೆಯುವವರಿಗೆ ಮೇಲಿನಿಂದ ಬಿದ್ದ ನೀರು ಯಾವ ಲೆಕ್ಕ? ರೈಡ್ ನಿಲ್ಲುವುದು ಬರಿಯ ಹನಿ ಮಳೆಗೆ ಕಡಿಮೆ, ಸಿಡಿಲಿಗೆ ಮತ್ತು ಗಾಳಿಗೆ ಹೆಚ್ಚು. ಈ ಕಾರಣಕ್ಕೇ ಸೆಪ್ಟೆಂಬರ್ ಬಿಟ್ಟು ಅಕ್ಟೋಬರಿನ ಎರಡನೆಯ ಅರ್ಧಕ್ಕೆ ಹೋಗುವುದು ಬೇಡವೆನ್ನುತ್ತೇನೆ. ಆಗ ತುಲಾ ಮಾಸದ ಮಳೆ ಹಿಡಿಯುತ್ತದೆ. ಬೆಳಿಗ್ಗೆ ಹೊಳೆಯುವ ಬಿಸಿಲು, ಮಧ್ಯಾಹ್ನ ಮೂರರ ಮೇಲೆ ಮೋಡ ಕವಿದು ಗುಡುಗು ಸಿಡಿಲು. ಪಾರ್ಕಿನಲ್ಲಿ ಮಕ್ಕಳಿಗೆ ರಂಗೇರುವುದೂ ಅದೇ ಹೊತ್ತಿಗೆ.

ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆ ನೋಡಿ. ನಮ್ಮ ಜಿಲ್ಲೆಯದಲ್ಲ, ಪಾರ್ಕ್ ಇರುವ ಜಿಲ್ಲೆಯದು. ಹಳದಿಯಾದರೆ ಧೈರ್ಯವಾಗಿ ಹೊರಡಿ. ಕಿತ್ತಳೆಯಾದರೆ ಪಾರ್ಕಿಗೆ ಫೋನ್ ಮಾಡಿ ವಿಚಾರಿಸಿ. ಕೆಂಪಾದರೆ, ಅಥವಾ ಅಲ್ಲಿನ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಸಾರಿದ್ದರೆ, ಮನೆಯಲ್ಲೇ ಹಪ್ಪಳ ಸುಟ್ಟು ತಿನ್ನಿ.

ಹತ್ತಿರದ್ದೋ ದೂರದ್ದೋ

ಮಕ್ಕಳು ಸಣ್ಣವರಾದರೆ, ಮೊದಲ ಸಲವಾದರೆ, ಪರಶ್ಶಿನಿಕಡವಿನ ವಿಸ್ಮಯ ಪಾರ್ಕ್ ಸಾಕು. ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು. ಕಾಸರಗೋಡಿನಿಂದ ಕಣ್ಣೂರಿಗೆ ರೈಲು, ಅಲ್ಲಿಂದ ಬಸ್. ಸ್ವಂತ ಕಾರಿನಲ್ಲಾದರೆ ಹೆದ್ದಾರಿ ಅಗಲ ಮಾಡುವ ಕೆಲಸ ಮುಗಿಯದ ಕಡೆಗಳಿಗೆಂದು ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಅಜ್ಜಿಯನ್ನು ಕರೆದುಕೊಂಡು ಹೋಗಲು ಇಲ್ಲಿ ಒಂದು ಅನುಕೂಲವಿದೆ. ಹೊಳೆ ಬದಿಯಲ್ಲೇ ಮುತ್ತಪ್ಪನ ಸನ್ನಿಧಿ, ಬೆಳಿಗ್ಗೆ ಸಂಜೆ ಮುತ್ತಪ್ಪನ ದರ್ಶನ, ಬಂದವರಿಗೆಲ್ಲ ಬೇಯಿಸಿದ ಹೆಸರುಕಾಳು, ತೆಂಗಿನಕಾಯಿ ಚೂರು, ಚಹಾ. ನಮ್ಮಮ್ಮ ಪಾರ್ಕಿನ ಬಗ್ಗೆ ಈಗ ಏನೂ ನೆನಪಿಟ್ಟುಕೊಂಡಿಲ್ಲ, ಆ ಹೆಸರುಕಾಳಿನ ರುಚಿಯನ್ನು ಮಾತ್ರ ಇನ್ನೂ ಹೇಳುತ್ತಾರೆ.

ದೊಡ್ಡ ರೋಲರ್ ಕೋಸ್ಟರ್ ಬೇಕೆನ್ನುವ ವಯಸ್ಸಿನವರಿದ್ದರೆ ಕೊಚ್ಚಿಯ ವಂಡರ್‌ಲಾಕ್ಕೆ ಹೋಗಬೇಕು. ಕಾಕ್ಕನಾಡಿನಾಚೆ ಪಳ್ಳಿಕ್ಕರದಲ್ಲಿದೆ. ನಮ್ಮ ಬೇಕಲದ ಪಳ್ಳಿಕ್ಕರೆಯೊಂದಿಗೆ ಮ್ಯಾಪಿನಲ್ಲಿ ಗೊಂದಲ ಮಾಡಿಕೊಳ್ಳಬೇಡಿ! 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ತೆರೆದದ್ದು, ಹಳಬರು ಈಗಲೂ ಹಾಗೆಯೇ ಕರೆಯುತ್ತಾರೆ. ಎರಡು ದಿನ ಇರುವವರು ಚಾಲಕುಡಿಯಲ್ಲಿ ಇಳಿದು ಅದಿರಪ್ಪಿಳ್ಳಿ ದಾರಿ ಹಿಡಿಯಬಹುದು. ಡ್ರೀಮ್ ವರ್ಲ್ಡ್, ಸಿಲ್ವರ್ ಸ್ಟಾರ್ಮ್ ಪಾರ್ಕುಗಳೆರಡೂ ಆ ರಸ್ತೆಯಲ್ಲಿವೆ, ಜಲಪಾತವೂ ಈ ತಿಂಗಳಲ್ಲಿ ಮೈದುಂಬಿರುತ್ತದೆ.

ಬಿಡದಿ, ಮೈಸೂರಿನ ಪಾರ್ಕುಗಳ ಕಡೆ ಹೋಗುವವರು ಮಲಯಾಳ ಕ್ಯಾಲೆಂಡರನ್ನು ಮಡಚಿಟ್ಟು ಕನ್ನಡದ್ದನ್ನು ನೋಡಬೇಕು. ದಸರಾ ರಜೆಯಲ್ಲಿ ಅಲ್ಲಿಗೆ ಹೋಗುವುದೆಂದರೆ ಜಾತ್ರೆಗೆ ಹೋದ ಹಾಗೆ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆಯೋ ರೈಲೋ ನಿಂತುಹೋಗುವ ಭಯ ಬೇರೆ. ಸೆಪ್ಟೆಂಬರಿನ ಮಟ್ಟಿಗೆ ನನ್ನ ಮತ ತೆಂಕು ದಿಕ್ಕಿಗೆ.

ದಾರಂದದ ಮೇಲೆ ಎರಡು ಗೆರೆ

ಟಿಕೆಟು ಮಾಡುವ ಮೊದಲು ಮಾಡಬೇಕಾದ ಕೆಲಸ ಇದು. ಒಂದು ಪೆನ್ಸಿಲ್, ಹೊಲಿಗೆಯ ಟೇಪು ತೆಗೆದುಕೊಂಡು ದಾರಂದದ ಮೇಲೆ ನೆಲದಿಂದ 85 ಸೆಂಟಿಮೀಟರಿಗೆ ಒಂದು, 140 ಸೆಂಟಿಮೀಟರಿಗೆ ಇನ್ನೊಂದು ಗೆರೆ ಎಳೆಯಿರಿ. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟು ನಿರ್ಧಾರವಾಗುವುದು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಕೆಳಗಿನ ಗೆರೆ ಮುಟ್ಟದವರಿಗೆ ಟಿಕೆಟು ಬೇಡ, ಎರಡು ಗೆರೆಗಳ ನಡುವಿನವರಿಗೆ ಮಕ್ಕಳ ದರ, ಮೇಲಿನ ಗೆರೆ ದಾಟಿದವರಿಗೆ ದೊಡ್ಡವರ ದರ. ಮೈ ನಡುಗಿಸುವ ರೈಡುಗಳಲ್ಲಿ ಹಲವಕ್ಕೆ ಆ 140ನ್ನೇ ಕೇಳುತ್ತಾರೆ. ಬೇರೆ ಪಾರ್ಕುಗಳ ಅಳತೆ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಅವರವರ ಜಾಲತಾಣದಲ್ಲಿ ರೈಡುವಾರು ಬರೆದಿರುತ್ತದೆ.

ಅಳೆಯುವಾಗ ಚಪ್ಪಲಿ ಕಳಚಿಸಿ. ಜುಟ್ಟನ್ನು ಲೆಕ್ಕಕ್ಕೆ ಹಿಡಿಯಬೇಡಿ, ತಲೆಯ ಮೇಲೆ ಒಂದು ಪುಸ್ತಕವನ್ನು ಅಡ್ಡ ಇಟ್ಟು ಅದರ ಅಡಿಗೆ ಗುರುತು ಹಾಕಿ. ನಮ್ಮ ಮಗ ಹಿಮ್ಮಡಿ ಎತ್ತಿ 140 ಮುಟ್ಟಿಸಲು ನೋಡಿದ, ತಂಗಿಯೇ ಕೂತು ಕಾಲು ಹಿಡಿದಳು. ಯಾವ ರೈಡ್ ಯಾರಿಗೆ ಇಲ್ಲ ಎಂದು ಮನೆಯಲ್ಲೇ ಗೊತ್ತಾದರೆ ಅಳುವುದೆಲ್ಲ ಮನೆಯಲ್ಲೇ ಮುಗಿಯುತ್ತದೆ. ಬೆನ್ನುನೋವು, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ದೊಡ್ಡ ರೈಡುಗಳ ಹತ್ತಿರ ಹೋಗಬಾರದು. ಅಲ್ಲಿ ಯಾರೂ ವೈದ್ಯರ ಚೀಟಿ ಕೇಳುವುದಿಲ್ಲ, ನಾವೇ ತಿಳಿದುಕೊಂಡಿರಬೇಕು.

ಫೋನು, ಟಿಕೆಟು, ರೈಲು

ಜನ ಕಡಿಮೆ ಇರುವ ಕಾಲಕ್ಕೆ ಒಂದು ಕೆಟ್ಟ ಗುಣವೂ ಇದೆ. ದುರಸ್ತಿಗೆಂದು ರೈಡುಗಳನ್ನು ನಿಲ್ಲಿಸುವುದು ಇದೇ ಸಮಯದಲ್ಲಿ. ಹಾಗಾಗಿ ಹಣ ಕಟ್ಟುವ ಮೊದಲು ಪಾರ್ಕಿಗೆ ಫೋನ್ ಮಾಡಿ, ನೀವು ಹೋಗುವ ದಿನ ಯಾವ ಯಾವ ರೈಡ್ ಇರುವುದಿಲ್ಲ ಎಂದು ಹೆಸರು ಹಿಡಿದೇ ಕೇಳಿ. "ಎಲ್ಲಾ ಇದೆ" ಎಂದರೆ ನಂಬಬೇಡಿ, ಮಕ್ಕಳು ಆಸೆಪಟ್ಟ ಎರಡು ರೈಡುಗಳ ಹೆಸರು ಹೇಳಿ ಇನ್ನೊಮ್ಮೆ ಕೇಳಿ. ಮಳೆಯಿಂದ ಹೋಗಲಾಗದಿದ್ದರೆ ದಿನ ಬದಲಿಸಲು ಆಗುತ್ತದೆಯೇ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ. ವಾರದ ದಿನಕ್ಕೆ ದರ ಕಡಿಮೆ, ಆನ್‌ಲೈನಿನಲ್ಲಿ ಮುಂಗಡ ಕೊಂಡರೆ ಇನ್ನಷ್ಟು ಕಡಿಮೆ. ಹಿರಿಯರ ರಿಯಾಯಿತಿಗೆ ಆಧಾರ್‌ನಂಥ ಗುರುತುಚೀಟಿ ಬೇಕು. ಸಾಲು ತಪ್ಪಿಸುವ ದುಬಾರಿ ಟಿಕೆಟನ್ನು ಈ ದಿನಗಳಲ್ಲಿ ಕೊಳ್ಳುವುದು ದುಡ್ಡು ಹೊಳೆಗೆ ಹಾಕಿದಂತೆ.

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, 2024ರ ಅಕ್ಟೋಬರಿನವರೆಗೆ ಇದ್ದ 120 ದಿನಗಳ ಅಭ್ಯಾಸವನ್ನು ಬಿಡಿ. ಮಂಗಳೂರಿನಿಂದ ಹೊರಡುವ ಮಾವೇಲಿ, ಮಲಬಾರ್ ಎರಡೂ ರಾತ್ರಿಯ ರೈಲುಗಳು. ಹೋಗುವಾಗ ಅವು ಹೊಂದುವುದಿಲ್ಲ, ಬೆಳಕು ಹರಿಯುವ ಮೊದಲೇ ಎರ್ನಾಕುಳಂನಲ್ಲಿ ಇಳಿಸುತ್ತವೆ. ನಿದ್ದೆಗಣ್ಣಿನ ಮಕ್ಕಳನ್ನು ಹಿಡಿದುಕೊಂಡು ಪಾರ್ಕ್ ತೆರೆಯುವ ತನಕ ಎಲ್ಲಿ ಕೂರುತ್ತೀರಿ? ಹಗಲಿನ ಪರಶುರಾಮದಲ್ಲೋ ವಂದೇ ಭಾರತದಲ್ಲೋ ಹೋಗಿ, ರಾತ್ರಿ ಅಲ್ಲಿ ತಂಗಿ, ಮರುದಿನ ಪಾರ್ಕ್ ಮುಗಿಸಿ ರಾತ್ರಿಯ ರೈಲಿನಲ್ಲಿ ಮಲಗಿಕೊಂಡು ಬನ್ನಿ. ಭಾನುವಾರದ ರಾತ್ರಿಯನ್ನು ಮಾತ್ರ ಬಿಡಿ.

ಇನ್ನೊಂದು ವಿಷಯ. ಮಾವೇಲಿ ನಿಲ್ಲುವುದು ಎರ್ನಾಕುಳಂ ಜಂಕ್ಷನ್ನಿನಲ್ಲಿ, ಮಲಬಾರ್ ನಿಲ್ಲುವುದು ಎರ್ನಾಕುಳಂ ಟೌನಿನಲ್ಲಿ. ಎರಡೂ ಬೇರೆ ಬೇರೆ ನಿಲ್ದಾಣಗಳು. ರಿಕ್ಷಾದವರ ಬಾಯಲ್ಲಿ ಮೊದಲನೆಯದು ಸೌತ್, ಎರಡನೆಯದು ನಾರ್ತ್. ಟಿಕೆಟು ನೋಡಿ ಹೇಳಿ.

ಚೀಲದಲ್ಲಿ ಬೈರಾಸು

ನೀರಿಗಿಳಿಯಲು ನೈಲಾನ್ ಅಥವಾ ಅಂಥದೇ ಬಟ್ಟೆ ಬೇಕು. ಹತ್ತಿಯ ಅಂಗಿ, ಚೂಡಿದಾರ, ಸೀರೆ, ಮುಂಡು ನಡೆಯುವುದಿಲ್ಲ. ಹತ್ತಿಯ ನೂಲೆಳೆ ನೀರಿನಲ್ಲಿ ಬಿಟ್ಟು ಶೋಧಕದಲ್ಲಿ ಕಟ್ಟಿಕೊಳ್ಳುತ್ತದೆ, ಒದ್ದೆಯಾದ ಬಟ್ಟೆ ಮೈಗೂ ಭಾರ. ಅಲ್ಲೇ ಕೊಂಡರೆ ಬೆಲೆ ಜಾಸ್ತಿ, ಕಾಸರಗೋಡಿನ ಪೇಟೆಯಲ್ಲೇ ತೆಗೆದುಕೊಳ್ಳಿ.

ಒರೆಸಿಕೊಳ್ಳಲು ದಪ್ಪದ ಟರ್ಕಿ ಟವೆಲ್ ಬೇಡವೇ ಬೇಡ. ಈ ಹವೆಯಲ್ಲಿ ಅದು ಎರಡು ದಿನಕ್ಕೂ ಆರುವುದಿಲ್ಲ, ಚೀಲವಿಡೀ ಮುಗ್ಗುಲು ವಾಸನೆ. ತೆಳ್ಳಗಿನ ಬೈರಾಸು ತಲೆಗೆರಡರಂತೆ ಹಾಕಿಕೊಳ್ಳಿ. ಹಿಂಡಿ ಕೊಡವಿದರೆ ಅರ್ಧ ಆರಿತು, ಫ್ಯಾನಿನ ಕೆಳಗೆ ಹರಡಿದರೆ ಪೂರ್ತಿ ಆರಿತು. ಒದ್ದೆ ಬಟ್ಟೆಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ, ರೈಲಿಗೆ ಹಾಕಿಕೊಳ್ಳಲು ಒಣ ಬಟ್ಟೆ ಒಂದು ಜೊತೆ. ಹೊರಗಿನ ತಿಂಡಿಯನ್ನು ಹೆಚ್ಚಿನ ಪಾರ್ಕುಗಳು ಒಳಗೆ ಬಿಡುವುದಿಲ್ಲ. ಬಾಳೆಹಣ್ಣು, ಒಗ್ಗರಣೆ ಅವಲಕ್ಕಿ ಏನಿದ್ದರೂ ರೈಲಿನಲ್ಲೇ ಮುಗಿಯಬೇಕು.

ಗೇಟು ತೆರೆದ ಮೇಲೆ

ಹೆಚ್ಚಿನ ಕಡೆ ನೆಲದ ರೈಡುಗಳು ಮೊದಲು ಶುರುವಾಗುತ್ತವೆ, ನೀರಿನವು ಮಧ್ಯಾಹ್ನದ ಹೊತ್ತಿಗೆ. ಗೇಟಿನ ಹತ್ತಿರದ ರೈಡಿಗೆ ಎಲ್ಲರೂ ಮುಗಿಬೀಳುತ್ತಾರೆ, ಅದನ್ನು ಬಿಟ್ಟು ನೇರ ಹಿಂದಿನ ಮೂಲೆಗೆ ನಡೆಯಿರಿ. ದೊಡ್ಡ ರೈಡುಗಳನ್ನು ಹೊಟ್ಟೆ ಹಗುರ ಇರುವಾಗಲೇ ಮುಗಿಸಿ. ನೀರು ಬಿಟ್ಟ ಕೂಡಲೇ ಜನ ಅತ್ತ ಓಡುತ್ತದೆ, ಆಗ ನೀವು ಇತ್ತ ಉಳಿದರೆ ಒಂದೇ ರೈಡನ್ನು ಮತ್ತೆ ಮತ್ತೆ ಹತ್ತಬಹುದು. ಮಗಳು ಹೋದ ಸಲ ಒಂದನ್ನು ಐದು ಬಾರಿ ಹತ್ತಿದಳು. ಎರಡು ಬೆರಳು ಕಡಿಮೆ ಬಿದ್ದಿದ್ದ ಅದೇ ರೈಡ್.

ಮಳೆ ಹೊಯ್ದರೆ ಊಟದ ಅಂಗಡಿಗೆ ನುಗ್ಗಬೇಡಿ, ಅಲ್ಲಿ ಇಡೀ ಪಾರ್ಕೇ ಇರುತ್ತದೆ. ನಿಮಗೆ ಬೇಕಾದ ರೈಡಿನ ಮಾಡಿನ ಅಡಿಯಲ್ಲೇ ನಿಂತುಕೊಳ್ಳಿ. ಮಳೆ ಬಿಟ್ಟ ಮೇಲೆ ಅವರು ಸೀಟು ಒರೆಸಿ, ಒಮ್ಮೆ ಖಾಲಿ ಓಡಿಸಿ ನೋಡಿ, ಆಮೇಲೆ ಹತ್ತಿಸುತ್ತಾರೆ. ಚಹಾ ಕುಡಿಯಲು ಹೋದವರು ತಿರುಗಿ ಬರುವಷ್ಟರಲ್ಲಿ ನೀವು ಎರಡು ಸುತ್ತು ಮುಗಿಸಿರುತ್ತೀರಿ.

ಐದು ಗಂಟೆಗೆ ನೀರಿನಿಂದ ಎದ್ದುಬಿಡಿ. ಕೊನೆಯ ಗಳಿಗೆಯವರೆಗೆ ಕಾದರೆ ಬಟ್ಟೆ ಬದಲಿಸುವ ಕೋಣೆಯ ಎದುರು ಸಾಲು, ಲಾಕರಿನ ಎದುರು ಸಾಲು, ಹೊರಗೆ ರಿಕ್ಷಾಕ್ಕೆ ಸಾಲು. ಲಾಕರಿನ ಕೀಲಿ ಯಾರ ಕೈಯಲ್ಲಿದೆ ಎಂದು ಬೆಳಿಗ್ಗೆಯೇ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ನಮ್ಮಲ್ಲಿ ಅದು ಅಮ್ಮ. ನೀರಿಗಿಳಿಯದೆ ದಡದ ಬೆಂಚಿನಲ್ಲಿ ಕುಳಿತು, ಕೀಲಿಯನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು, ನಮ್ಮ ಬೈರಾಸುಗಳನ್ನು ಕಾಯುತ್ತಿರುತ್ತಾರೆ.