ಟ್ಯಾಂಕ್ ಕಟ್ಟಲು ಸಹಾಯಧನ ಸಿಕ್ಕಿತು, ನಡೆಸಲು?

ನಮ್ಮ ಮನೆಯ ಹಳೇ ಸೆಪ್ಟಿಕ್ ಟ್ಯಾಂಕ್ ತೆಗೆಸಿ, ಸರ್ಕಾರದ ಸಹಾಯಧನದಲ್ಲಿ ಹೊಸದು ಕಟ್ಟಿಸಿದೆ. ಆಮೇಲೆ ಅಕ್ಕಪಕ್ಕದ ಕೆಲವರ ಅರ್ಜಿಗಳನ್ನೂ ನಾನೇ ತುಂಬಿಕೊಟ್ಟೆ. ಹೇಗೆ ಮಾಡಿಸಿದ್ರಿ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹಳೇದನ್ನು ಟ್ಯಾಂಕ್ ಅನ್ನುವುದೇ ಕಷ್ಟ. ಕಲ್ಲು ಜೋಡಿಸಿದ ಗೋಡೆ, ತಳಕ್ಕೆ ಕಾಂಕ್ರೀಟ್ ಇಲ್ಲ. ಮಳೆಗಾಲದಲ್ಲಿ ನೆಲದ ನೀರು ಒಳಗೆ ಬರುತ್ತಿತ್ತು, ಬೇಸಿಗೆಯಲ್ಲಿ ಒಳಗಿದ್ದದ್ದು ನೆಲಕ್ಕೆ ಇಳಿಯುತ್ತಿತ್ತು. "ನಮ್ಮದು ಇಷ್ಟು ವರ್ಷದಲ್ಲಿ ಒಂದು ಸಲವೂ ತುಂಬಿಲ್ಲ" ಅಂತ ಹೆಮ್ಮೆಯಿಂದ ಹೇಳುವವರ ಟ್ಯಾಂಕುಗಳು ಹೆಚ್ಚಾಗಿ ಇಂಥವೇ. ತುಂಬಿಲ್ಲ ಅಂದರೆ ಎಲ್ಲೋ ಸೋರುತ್ತಿದೆ. ಹತ್ತಿರದಲ್ಲಿ ಬಾವಿ ಇದ್ದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ದುಡ್ಡಿನ ವಿಷಯ. ಮಂಜೂರಾತಿ ಪತ್ರ ಕೈಗೆ ಬರುವ ತನಕ ಒಂದು ಗುದ್ದಲಿ ಮಣ್ಣನ್ನೂ ತೆಗೆಯಬೇಡಿ. ಆಗಿಹೋದ ಕೆಲಸಕ್ಕೆ ಹಣ ಕೊಡದ ಯೋಜನೆಗಳೇ ಜಾಸ್ತಿ. ಹಣ ಸಾಮಾನ್ಯವಾಗಿ ಕಂತಿನಲ್ಲಿ ಬರುತ್ತದೆ, ಕೊನೇ ಕಂತು ಎಂಜಿನಿಯರ್ ಬಂದು ನೋಡಿದ ಮೇಲೆ. ಆದರೆ ಅವರು ಬರುವಷ್ಟರಲ್ಲಿ ಅರ್ಧ ಕೆಲಸ ಮಣ್ಣಿನಡಿ ಹೋಗಿರುತ್ತದೆ. ಹಾಗಾಗಿ ಗುಂಡಿ ತೋಡಿದಾಗ, ತಳಕ್ಕೆ ಕಾಂಕ್ರೀಟ್ ಹಾಕಿದಾಗ, ಪೈಪು ಕೂರಿಸಿದಾಗ, ಪ್ರತಿ ಹಂತದಲ್ಲೂ ಟೇಪು ಹಿಡಿದು, ಅಳತೆ ಕಾಣುವ ಹಾಗೆ ಫೋಟೋ ತೆಗೆದಿಟ್ಟೆ. ಬಿಲ್ ಪಾಸಾಗಿದ್ದು ಆ ಫೋಟೋಗಳಿಂದಲೇ.

ಎಲ್ಲರೂ ಟ್ಯಾಂಕಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಕೆಡುವುದು ಅದರ ಮುಂದಿನ ಭಾಗ, ಅಂದರೆ ಇಂಗುಗುಂಡಿ. ಟ್ಯಾಂಕ್ ಕೊಳೆಯನ್ನು ಪೂರ್ತಿ ಶುದ್ಧ ಮಾಡುವುದಿಲ್ಲ. ಗಟ್ಟಿ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಗೆ ಹೋಗುತ್ತದೆ. ಆ ನೀರು ಇನ್ನೂ ಕೊಳಕೇ. ಉಳಿದ ಕೆಲಸ ಮಣ್ಣು ಮಾಡಬೇಕು. ಅದಕ್ಕೆ ಮೊದಲು ಮಣ್ಣನ್ನು ಪರೀಕ್ಷೆ ಮಾಡಿದೆ. ನೀರು ಇಂಗಬೇಕಾದ ಆಳದವರೆಗೆ ಸಣ್ಣ ಕುಳಿ ತೋಡಿ, ರಾತ್ರಿಯೆಲ್ಲ ನೀರು ಹಿಡಿಸಿ ನೆನೆಸಿದೆ. ಬೆಳಗ್ಗೆ ಮತ್ತೆ ನೀರು ಹಾಕಿ, ಸ್ಕೇಲು ನಿಲ್ಲಿಸಿ, 25 ಮಿ.ಮೀ. ಇಳಿಯಲು ಎಷ್ಟು ಹೊತ್ತು ಬೇಕು ಅಂತ ನೋಡಿದೆ. ಒಂದು ಗಂಟೆ ದಾಟಿದರೆ ಆ ಜಾಗದಲ್ಲಿ ಇಂಗುಗುಂಡಿ ನಂಬಿಕೊಳ್ಳಬೇಡಿ. ನಮ್ಮದು ನಿಧಾನದ ಮಣ್ಣು, ಆದರೂ ಆ ಮಿತಿಯೊಳಗೇ ಇತ್ತು. ಆಳದ ಒಂದೇ ಗುಂಡಿ ಬಿಟ್ಟು, ಉದ್ದಕ್ಕೆ ಚರಂಡಿ ತೆಗೆಸಿ, ಜಲ್ಲಿ ತುಂಬಿ, ತೂತಿನ ಪೈಪು ಹಾಸಿಸಿದೆ. ಮೇಲೆ ವಾಹನ ಓಡಾಡದ ಜಾಗ ನೋಡಿಕೊಂಡೆ. ಮಣ್ಣು ಅದುಮಿ ಹೋದರೆ ನೀರು ಇಂಗುವುದಿಲ್ಲ.

ಟ್ಯಾಂಕಿಗೆ ಎರಡು ಕೋಣೆ. ಮೊದಲನೆಯದು ಒಟ್ಟು ಅಳತೆಯ ಮೂರನೇ ಎರಡು ಪಾಲು. ಹೊರಹೋಗುವ ಪೈಪು ಒಳಬರುವ ಪೈಪಿಗಿಂತ 5ರಿಂದ 7.5 ಸೆಂ.ಮೀ. ಕೆಳಗಿರಬೇಕು, ಅದಕ್ಕೆ ಇಂಗ್ಲಿಷ್ T ಆಕಾರದ ಪೈಪಿನ ತುಂಡು ಹಾಕಿ ಬಾಯಿಯನ್ನು ನೀರಿನೊಳಗೆ ಇಳಿಸಬೇಕು. ಇಲ್ಲದಿದ್ದರೆ ತೇಲುವ ಜಿಡ್ಡೆಲ್ಲ ಇಂಗುವ ಚರಂಡಿಗೆ ಹೋಗಿ ಮಣ್ಣಿನ ಬಾಯಿ ಕಟ್ಟಿಬಿಡುತ್ತದೆ. ಗಾರೆ ಒಣಗಿ ಕ್ಯೂರಿಂಗ್ ಮುಗಿದ ಮೇಲೆ ಟ್ಯಾಂಕಿನ ತುಂಬ ಒಳ್ಳೇ ನೀರು ಬಿಟ್ಟೆ. ಗೋಡೆ ಸ್ವಲ್ಪ ನೀರು ಕುಡಿಯುತ್ತದೆ, ಕುಡಿಯಲಿ ಅಂತ ಒಂದು ದಿನ ಬಿಟ್ಟು ಮತ್ತೆ ಭರ್ತಿ ಮಾಡಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದೆ. ಮಾರನೇ ದಿನವೂ ನೀರು ಗೆರೆಯಲ್ಲೇ ನಿಂತಿತ್ತು. ಅದರದ್ದೂ ಫೋಟೋ ಹೋಯಿತು.

ಹಳೇ ಗುಂಡಿ ಮುಚ್ಚುವಾಗ ಮೇಸ್ತ್ರಿ, "ಒಂದ್ಸಲ ಇಳಿದು ನೋಡಿಬಿಡ್ತೀನಿ ಸಾರ್" ಅಂದರು. ಸುತರಾಂ ಬೇಡ ಅಂದೆ. ಖಾಲಿ ಮಾಡಿಸಿದ ಗುಂಡಿಯಲ್ಲೂ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷದ ಗಾಳಿ ಉಳಿದಿರುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲಿನಷ್ಟಾದರೆ ಮೂಗೇ ಸೋತುಹೋಗುತ್ತದೆ, ವಾಸನೆ ಹೋಯಿತು ಅಂತ ನಾವು ಧೈರ್ಯ ಮಾಡುತ್ತೇವೆ. ಜೊತೆಗೆ ಮೀಥೇನ್ ಬೇರೆ. ಗಾಳಿಯಲ್ಲಿ ಅದು 5ರಿಂದ 15 ಶೇಕಡಾ ಇದ್ದರೆ ಒಂದು ಬೆಂಕಿಕಡ್ಡಿ ಸಾಕು. ಒಬ್ಬರು ಬಿದ್ದರೆ ಅವರನ್ನು ಎತ್ತಲು ಇಳಿದವರೂ ಅಲ್ಲೇ ಬೀಳುತ್ತಾರೆ. ಆಗ ಕರೆಯುವುದು ಅಗ್ನಿಶಾಮಕ ದಳವನ್ನೇ ಅಲ್ವಾ? ಅವರೂ ಉಸಿರಾಟದ ಸಿಲಿಂಡರ್ ಹಾಕಿಕೊಂಡೇ ಇಳಿಯಬೇಕು. ಆ ಸಿಲಿಂಡರ್ ತುಂಬಿರಬೇಕು, ಮಾಸ್ಕ್ ಸರಿಯಿರಬೇಕು, ಹಾಕಿಕೊಂಡು ಅಭ್ಯಾಸವೂ ಇರಬೇಕು.

ಇದನ್ನು ಹೇಳಲು ಕಾರಣವಿದೆ. ನಮ್ಮ ಅರ್ಜಿಗಳ ವಿಷಯಕ್ಕೆ ಬಜೆಟ್ ಸಭೆಗೆ ಹೋಗಿ ಕೂತಿದ್ದೆ. ಹೊಸ ಅಗ್ನಿಶಾಮಕ ವಾಹನದ ಮಾತು ಬಂದಾಗ ಎಲ್ಲರಿಗೂ ಖುಷಿ. ಹಳೇ ಹೋಸ್ ಬದಲಾಯಿಸಲು, ಸಿಲಿಂಡರ್ ಪರೀಕ್ಷೆ ಮಾಡಿಸಲು, ತರಬೇತಿಗೆ ಅಂತ ಬಂದ ಸಾಲಿಗೆ ನೂರೆಂಟು ಪ್ರಶ್ನೆ. ಸೆಪ್ಟಿಕ್ ಟ್ಯಾಂಕಿನ ಕಥೆಯೂ ಅದೇ. ಕಟ್ಟಲು ಹಣವಿದೆ, ಹೂಳು ತೆಗೆಸಲು ಇಲ್ಲ. ರಿಬ್ಬನ್ ಕತ್ತರಿಸುವಂಥದ್ದಕ್ಕೆ ದುಡ್ಡು ಬೇಗ ಹುಟ್ಟುತ್ತದೆ. ವರ್ಷ ವರ್ಷ ಬರುವ ಖರ್ಚಿಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಎಂಜಿನಿಯರ್ ಸಹಿ ಹಾಕಿ ಹೋದ ಟ್ಯಾಂಕ್ ಹೂಳು ತುಂಬಿ ಇಂಗುಗುಂಡಿಯನ್ನು ಕೆಡಿಸಿದರೆ, ಆ ಸಹಾಯಧನವೂ ಮಣ್ಣುಪಾಲು.

ಅದಕ್ಕೇ ಕಟ್ಟುವಾಗಲೇ ಖಾಲಿ ಮಾಡಿಸುವುದನ್ನು ಯೋಚಿಸಿದೆ. ಎರಡೂ ಕೋಣೆಗೆ ಬೇರೆ ಬೇರೆ ಮುಚ್ಚಳ, ನೆಲದ ಮಟ್ಟದಿಂದ ಸ್ವಲ್ಪ ಮೇಲೆ, ಮಕ್ಕಳು ಎತ್ತಲಾಗದಷ್ಟು ಭಾರ. ಜಾಗ ಗೊತ್ತುಮಾಡುವ ಮೊದಲು ಹೂಳು ಹೀರುವ ಗಾಡಿಯ ಡ್ರೈವರನ್ನು ಕೇಳಿ ಅವರ ಪೈಪಿನ ಉದ್ದ ತಿಳಿದುಕೊಂಡಿದ್ದೆ. ವರ್ಷಕ್ಕೊಮ್ಮೆ ಉದ್ದದ ಕೋಲಿಗೆ ಹಳೇ ಬಿಳಿ ಟವೆಲ್ ಸುತ್ತಿ, ಮುಚ್ಚಳದಿಂದ ತಳದ ತನಕ ಇಳಿಸುತ್ತೇನೆ. ಕೆಲ ನಿಮಿಷ ಬಿಟ್ಟು ನಿಧಾನಕ್ಕೆ ತೆಗೆದರೆ, ಎಲ್ಲಿಯವರೆಗೆ ಹೂಳಿದೆಯೋ ಅಲ್ಲಿಯವರೆಗೆ ಕಪ್ಪು ಹತ್ತಿರುತ್ತದೆ. ಮುಖ ಬಗ್ಗಿಸಿ ನೋಡುವುದಿಲ್ಲ, ಹತ್ತಿರ ಬೀಡಿ ಸಿಗರೇಟು ಬಿಡುವುದಿಲ್ಲ. ಹೂಳು ಟ್ಯಾಂಕಿನ ನೀರಿನ ಆಳದ ಮೂರನೇ ಒಂದು ಪಾಲಿಗೆ ಬಂದರೆ ಗಾಡಿಗೆ ಫೋನ್.

ಈಗ ನಮ್ಮ ಸಾಲಿನ ಮನೆಯವರು ಒಂದೇ ದಿನ ಗಾಡಿ ಕರೆಸುತ್ತೇವೆ, ಓಡಾಟದ ಖರ್ಚು ಹಂಚಿಹೋಗುತ್ತದೆ. ಮಳೆ ಶುರುವಾಗುವ ಮುಂಚೆಯೇ ಮುಗಿಸುತ್ತೇವೆ. ನೆಲದ ನೀರು ಮೇಲೆ ಬಂದಾಗ ಪ್ಲಾಸ್ಟಿಕ್ ಟ್ಯಾಂಕ್ ಖಾಲಿಯಿದ್ದರೆ ಅದು ತೇಲಿ ಮೇಲೇಳಬಹುದು. ಅಂಥ ಟ್ಯಾಂಕ್ ಇರುವವರು ಹೂಳು ತೆಗೆಸಿದ ಕೂಡಲೇ ನೀರು ತುಂಬಿಸಿಬಿಡುತ್ತಾರೆ. ಹೂಳು ತೆಗೆಸುವ ಖರ್ಚನ್ನು ಮನೆ ಕಂದಾಯದ ಜೊತೆ ಸ್ವಲ್ಪ ಸ್ವಲ್ಪ ವಸೂಲಿ ಮಾಡಿ, ಸರದಿ ಪ್ರಕಾರ ಎಲ್ಲರ ಟ್ಯಾಂಕೂ ಖಾಲಿ ಮಾಡಿಸಿ ಅಂತ ಒಂದು ಅರ್ಜಿ ಕೊಟ್ಟಿದ್ದೇವೆ. ಅದು ಇನ್ನೂ ಫೈಲಿನಲ್ಲಿದೆ.