ಎರಿ ರಾಡಿಗೆ ಪಿಕಪ್ ಎತ್ತರಿಸಿದ್ದು: ನನ್ನ ಅನುಭವ

ಗಾಡಿ ಎತ್ತರ ಮಾಡಿಸಿದರೆ ಎಂಥಾ ಹಾದಿಯಲ್ಲೂ ಹೋಗಬಹುದು ಅನ್ನೋ ಮಾತು ಹುಬ್ಬಳ್ಳಿ ಗೋಕುಲ ರೋಡಿನ ಗ್ಯಾರೇಜುಗಳಲ್ಲಿ ದಿನಾ ಕಿವಿಗೆ ಬೀಳುತ್ತೆ. ಅದು ಅರ್ಧ ಮಾತ್ರ ನಿಜ. ನನ್ನದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಫೋರ್ ವೀಲ್ ಡ್ರೈವ್. ಹೊಲ ಇರೋದು ಅಣ್ಣಿಗೇರಿ ಆಚೆ ನವಲಗುಂದದ ಕಡೆ, ಪೂರ್ತಿ ಎರಿ, ಅಂದ್ರೆ ಜಿಗುಟು ಕಪ್ಪು ಮಣ್ಣಿನ ಭೂಮಿ. ಮಳೆ ಬಿದ್ದ ಮೇಲೆ ಅಲ್ಲಿ ಗಾಡಿಯನ್ನು ತಡೆಯೋದು ಎರಡೇ. ಟ್ರ್ಯಾಕ್ಟರ್ ಗಾಲಿಗಳ ಜಾಡಿನ ನಡುವೆ ಎದ್ದ ದಿಂಡು ಹಿಂದಿನ ಆಕ್ಸಲ್ ನಡುವಿನ ಗೇರುಗಳ ಉಬ್ಬಿಗೆ, ಅಂದ್ರೆ ಡಿಫರೆನ್ಷಿಯಲ್‌ಗೆ ಬಡಿಯುತ್ತೆ. ರಾಡಿ ಟೈರಿಗೆ ಮೆತ್ತಿ ಮಡ್‌ಗಾರ್ಡ್ ಒಳಗೆ ತುಂಬಿಕೊಂಡು ಗಾಲಿಯನ್ನೇ ಹಿಡಿದುಬಿಡುತ್ತೆ.

ಮೊದಲನೆಯದಕ್ಕೆ ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಉಪಯೋಗವೇ ಇಲ್ಲ. ಹಿಂದಿನ ಆಕ್ಸಲ್ ಗಾಲಿಗಳಿಗೆ ನೇರ ಕೂಡಿರುತ್ತೆ, ಕಮಾನು (ಪಟ್ಟಿಗಳ ಸ್ಪ್ರಿಂಗ್) ಅದರ ಮೇಲೆ ಕೂತಿರುತ್ತೆ. ಕಮಾನು ಎಷ್ಟೇ ಏರಿಸಿ, ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತೆ, ಮೇಲೇಳೋದು ಬಾಡಿ ಮಾತ್ರ. ಡಿಫರೆನ್ಷಿಯಲ್ ನೆಲ ಬಿಡಬೇಕಂದ್ರೆ ಟೈರೇ ದೊಡ್ಡದಾಗಬೇಕು. ಮುಂದಿನ ಲೆಕ್ಕ ಬೇರೆ: ಅಲ್ಲಿ ಡಿಫರೆನ್ಷಿಯಲ್ ಫ್ರೇಮಿಗೆ ಕಟ್ಟಿಕೊಂಡಿದೆ, ಸ್ಪ್ರಿಂಗ್ ಏರಿದರೆ ಅದೂ ಏರುತ್ತೆ. ಹಾಗಾಗಿ ನಾನು ಟೈರಿನ ಅಳತೆ ಮೊದಲು ಗೊತ್ತು ಮಾಡಿ, ಆ ಟೈರಿಗೆ ಜಾಗ ಆಗುವಷ್ಟೇ ಗಾಡಿ ಎತ್ತಿಸಿದೆ.

ನನ್ನ ಗಾಡಿಗೆ ಕಂಪನಿಯಿಂದ ಬಂದ ಟೈರು 255/65 ಆರ್17, ಅಗಲ 255 ಮಿ.ಮೀ. ಲೆಕ್ಕ ಸಲೀಸು: 255ರ ಶೇಕಡಾ 65 ಅಂದ್ರೆ ಸುಮಾರು 166 ಮಿ.ಮೀ. ಪಕ್ಕೆ, ಅದರ ಎರಡರಷ್ಟಕ್ಕೆ 17 ಇಂಚಿನ ರಿಮ್ಮಿನ 432 ಕೂಡಿಸಿದರೆ ಟೈರಿನ ಪೂರ್ತಿ ಎತ್ತರ 763 ಮಿ.ಮೀ. ನಾನು ಆರಿಸಿದ್ದು 265/70 ಆರ್17, ಅದರ ಎತ್ತರ 803. ವ್ಯತ್ಯಾಸ 40, ಅದರಲ್ಲಿ ಡಿಫರೆನ್ಷಿಯಲ್ ಕೆಳಗೆ ಸಿಗೋದು ಅರ್ಧ, 20 ಮಿ.ಮೀ. ಇಷ್ಟೇನಾ ಅಂತ ಮೂಗು ಮುರಿಯಬೇಡಿ, ದಿಂಡಿನ ತಲೆ ಕೆರೆಯೋದಕ್ಕೂ ಅದರ ಮೇಲೆ ಗಾಡಿ ಕೂತುಬಿಡೋದಕ್ಕೂ ನಡುವಿನ ಅಂತರ ಅಷ್ಟೇ ಇರುತ್ತೆ. 285/70 ಹಾಕಿಸು ಅಂದವರೂ ಇದ್ದರು. ಅದರ ಎತ್ತರ 831 ಮುಟ್ಟುತ್ತೆ. ಒಳಗಿನ ತಗಡು ಕತ್ತರಿಸಬೇಕು, ಗೇರ್ ಭಾರ ಅನ್ನಿಸುತ್ತೆ, ಅಗಲ ಹೆಚ್ಚಾದಷ್ಟೂ ರಾಡಿಯನ್ನೂ ಹೆಚ್ಚು ಹೊತ್ತು ತರುತ್ತೆ. ಬೇಡ ಅಂದೆ. ನನ್ನ ಅಳತೆಯಲ್ಲೂ ಸ್ಪೀಡೋಮೀಟರ್ ಸ್ವಲ್ಪ ಸುಳ್ಳು ಹೇಳುತ್ತೆ. ಮುಂಚೆ ಸರಿಯಾಗಿ 100 ತೋರಿಸುತ್ತಿದ್ದರೆ, ಈಗ 100 ಅಂದಾಗ ಗಾಡಿ ಓಡೋದು 105ರಲ್ಲಿ.

ಹಿಂದಿನ ಕಮಾನಿನ ಕೆಲಸ ಮಾಡಿಸಿದ್ದು ಗಬ್ಬೂರು ಕಡೆ, ಲಾರಿ ಕಮಾನು ಕಟ್ಟುವ ಒಬ್ಬರ ಹತ್ತಿರ. ನೋಡಿದ ಕೂಡಲೇ ಅವರು ಅಂದದ್ದು, "ಅಣ್ಣಾರ, ಶ್ಯಾಕಲ್ ಉದ್ದಂದು ಹಾಕಿ ಕೊಡ್ತೀನ್ರಿ, ಅರ್ಧಾ ತಾಸಿನ ಕೆಲಸ."

"ಶ್ಯಾಕಲ್ ಬ್ಯಾಡ್ರಿ, ಒಂದ್ ಪಾಟಾ ಕೂಡಸ್ರಿ" ಅಂದೆ.

ಕಾರಣ ಇದೆ. ಪಾಟಾ ಅಂದ್ರೆ ಕಮಾನಿನ ಒಂದು ಪಟ್ಟಿ, ಶ್ಯಾಕಲ್ ಅಂದ್ರೆ ಕಮಾನನ್ನು ಫ್ರೇಮಿಗೆ ಕೂಡಿಸುವ ಕೊಂಡಿ. ಶ್ಯಾಕಲ್ ಇರೋದು ಕಮಾನಿನ ಒಂದು ತುದಿಗೆ ಮಾತ್ರ; ಅದನ್ನು ಎರಡಿಂಚು ಉದ್ದ ಮಾಡಿದರೆ ಗಾಡಿ ಏರೋದು ಹೆಚ್ಚುಕಡಿಮೆ ಒಂದೇ ಇಂಚು, ಜೊತೆಗೆ ಆಕ್ಸಲ್ ತಿರುಗಿ, ಗೇರ್‌ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಸೇರುವ ಕೋನ ಕೆಡುತ್ತೆ. ಆಕ್ಸಲ್ ಮತ್ತು ಕಮಾನಿನ ನಡುವೆ ಕಬ್ಬಿಣದ ಬ್ಲಾಕ್ ಇಡೋದು ಇನ್ನೊಂದು ದಾರಿ. ಅದು ಅಗ್ಗ, ಆದರೆ ರಾಡಿಯಲ್ಲಿ ಜೋರಾಗಿ ಎಳೆಯುವಾಗ ಕಮಾನು ಎಸ್ ಆಕಾರಕ್ಕೆ ಹೊರಳುತ್ತೆ. ಪಾಟಾ ಕೂಡಿಸಿದರೆ ಖಾಲಿ ಗಾಡಿ ಸ್ವಲ್ಪ ಬಿರುಸಾಗಿ ಪುಟಿಯುತ್ತೆ, ಅದನ್ನು ಒಪ್ಪಿಕೊಂಡೆ. ಹಿಂದೆ ಏರಿದ್ದು 25 ಮಿ.ಮೀ. ಕಮಾನನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್ ಎಲ್ಲ ಹೊಸವು. ಒಮ್ಮೆ ಎಳೆದು ಬಿಗಿದ ಹಳೆಯದನ್ನು ಮತ್ತೆ ಹಾಕಬಾರದು. ಸ್ವಲ್ಪ ಓಡಿಸಿದ ಮೇಲೆ ತಪ್ಪದೆ ಮತ್ತೆ ಬಿಗಿಸಬೇಕು.

ಮುಂದೆ 40 ಮಿ.ಮೀ. ಏರಿಸುವ ಹೊಸ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್. ಹಳೇ ಸ್ಪ್ರಿಂಗಿನ ಮೇಲೆ ಇಡುವ ಸ್ಪೇಸರ್ ಬಿಲ್ಲೆ ನನಗೆ ಒಗ್ಗಲಿಲ್ಲ. ಸ್ಟ್ರಟ್, ಅಂದ್ರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರಿನ ಜೋಡಿ, ಕೂತಿರೋದು ಗಾಲಿ ಹಿಡಿದಿರುವ ಕೆಳಗಿನ ಆರ್ಮಿನ ನಡುಭಾಗದಲ್ಲಿ, ಹಾಗಾಗಿ ಬಿಲ್ಲೆಯ ದಪ್ಪದ ಹತ್ತಿರಹತ್ತಿರ ಎರಡು ಪಟ್ಟು ಗಾಡಿ ಏರುತ್ತೆ. ಇದು ಗೊತ್ತಿಲ್ಲದೆ ಎರಡಿಂಚಿನ ಬಿಲ್ಲೆ ಹಾಕಿದರೆ ಆಕ್ಸಲ್ ಶಾಫ್ಟಿನ ರಬ್ಬರ್ ಬೂಟು ಬೇಗ ಹರಿಯುತ್ತೆ, ಮೇಲಿನ ಆರ್ಮಿನ ಬಾಲ್ ಜಾಯಿಂಟ್ ಕೊನೆಗೆ ಹೋಗಿ ತಾಗುತ್ತೆ. ಎರಡಿಂಚು ದಾಟಿದ ಏರಿಕೆಗೆ ಮೇಲಿನ ಆರ್ಮನ್ನೇ ಬದಲಿಸೋದು ಒಳ್ಳೆಯದು.

ಟೈರ್ ಎಲ್ಲಿ ತಾಗುತ್ತೆ ಅಂತ ನೋಡೋಕೆ ಟೈರಿನ ಹೆಗಲಿಗೆ ಸೀಮೆಸುಣ್ಣ ದಪ್ಪಗೆ ಬಳಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆದು, ಒಂದು ಗಾಲಿಯನ್ನು ಬದುವಿನ ಮೇಲೆ ಹತ್ತಿಸಿದೆ. ಇಳಿದು ನೋಡಿದರೆ ಒಳಗಿನ ಪ್ಲಾಸ್ಟಿಕ್ ಲೈನರಿನ ಹಿಂಭಾಗದಲ್ಲಿ, ಬಾಗಿಲ ಕಡೆಗೆ, ಬೆರಳಗಲದ ಬಿಳಿ ಗೆರೆ. ಹೇರ್ ಡ್ರೈಯರಿನಿಂದ ಆ ಜಾಗ ಬಿಸಿ ಮಾಡಿ ಒಳಕ್ಕೆ ಒತ್ತಿದೆ, ಅಷ್ಟಕ್ಕೇ ಮುಗೀತು.

ರಿಮ್ ಬದಲಿಸಲಿಲ್ಲ. ಬದಲಿಸುವವರು ನೋಡಬೇಕಾದ್ದು ಬೋಲ್ಟಿನ ಲೆಕ್ಕ ಒಂದನ್ನೇ ಅಲ್ಲ. ಡಿ-ಮ್ಯಾಕ್ಸ್‌ದೂ ಫಾರ್ಚುನರ್‌ದೂ ಆರು ಬೋಲ್ಟು, 139.7 ಮಿ.ಮೀ. ವೃತ್ತ. ಆದರೆ ನಡುವಿನ ತೂತು ಡಿ-ಮ್ಯಾಕ್ಸ್‌ದು 100.1, ಫಾರ್ಚುನರ್‌ದು 106.1. ಫಾರ್ಚುನರ್ ರಿಮ್ಮನ್ನು ಉಂಗುರ ಹಾಕದೆ ಡಿ-ಮ್ಯಾಕ್ಸಿಗೆ ಕೂರಿಸಿದರೆ ಅದು ನಡುವಿಗೆ ಸರಿಯಾಗಿ ಕೂರೋದು ಕಷ್ಟ, ವೇಗದಲ್ಲಿ ನಡುಗುತ್ತೆ. ಆಫ್‌ಸೆಟ್ ಕಡಿಮೆ ಇರುವ ರಿಮ್ಮು ಟೈರನ್ನು ಹೊರಗೆ ತಳ್ಳುತ್ತೆ. ನೋಡೋಕೆ ಚಂದ, ಬೇರಿಂಗಿಗೆ ಭಾರ, ರಾಡಿ ಪೂರ್ತಿ ಬಾಗಿಲಿಗೆ.

ಇನ್ನು ಟೈರಿನ ಹಲ್ಲಿನ ಮಾತು. ಹಸಿ ಎರಿಯಲ್ಲಿ ಎ/ಟಿ (ಎಲ್ಲ ಬಗೆಯ ಹಾದಿಯ) ಟೈರು ಕಣಕ ಮೆತ್ತಿದ ಲಟ್ಟಣಿಗೆಯಾಗುತ್ತೆ, ಎಂ/ಟಿ (ರಾಡಿಗೆಂದೇ ಮಾಡಿದ) ಟೈರಿನ ಅಗಲ ಸಂದುಗಳು ಮಣ್ಣನ್ನು ತಾವೇ ಕೊಡವಿ ಎಸೆಯುತ್ತವೆ. ಆದರೂ ನಾನು ತಗೊಂಡದ್ದು ಎ/ಟಿ. ನನ್ನ ಓಡಾಟದ ಬಹುಪಾಲು ಹುಬ್ಬಳ್ಳಿ-ಗದಗ ಹೆದ್ದಾರಿ. ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಾಕುವಾಗ ಎಂ/ಟಿ ಮೇಲೆ ನನಗೆ ಭರವಸೆ ಇಲ್ಲ, ಅದರ ಗುಂಯ್ ಸದ್ದೂ ಬೇಡ. ಬೆಣ್ಣೆಹಳ್ಳ ತುಂಬಿ ಹರಿಯುವ ದಿನ ಯಾವ ಟೈರೂ ನಡೆಯಲ್ಲ, ಗಾಡಿ ರೋಡಿಗೆ ಬಿಟ್ಟು ಟ್ರ್ಯಾಕ್ಟರ್ ಹತ್ತೋದೇ. ಒಂದನ್ನು ಮಾತ್ರ ಬಿಡಲಿಲ್ಲ: ಸಣ್ಣ ಲಾರಿಗಳಿಗೆಂದು ಮಾಡಿದ ಎಲ್‌ಟಿ ಗುರುತಿನ ಟೈರು. ಇದೇ ಅಳತೆಯ ಸಾದಾ ಟೈರಿನ ಮೇಲೆ ಭಾರದ ಅಂಕಿ 115 ಅಂತಿದ್ದರೆ ಒಂದು ಟೈರು ಹೊರೋದು 1215 ಕಿಲೋ; ಎಲ್‌ಟಿ ಮೇಲೆ 121 ಇದ್ದರೆ 1450. ಪಕ್ಕೆಯೂ ದಪ್ಪ, ಜಾಲಿ ಮುಳ್ಳಿಗೆ ಅಷ್ಟು ಬೇಗ ಬಗ್ಗಲ್ಲ. ಸ್ಟೆಪ್ನಿಯೂ ಅದೇ ಅಳತೆಯದು. ಸಣ್ಣ ಸ್ಟೆಪ್ನಿ ಹಾಕಿ ಫೋರ್ ವೀಲ್ ಒತ್ತಿದರೆ ಮುಂದಿನ ಹಿಂದಿನ ಗಾಲಿಗಳು ಒಂದಕ್ಕೊಂದು ಜಗ್ಗಾಡಿ ಗೇರುಗಳಿಗೆ ಪೆಟ್ಟು ಬೀಳುತ್ತೆ.

ಕಾಯ್ದೆ ಕೇಳುವವರಿಗೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು, ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಅದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಇದೆ. ನಾನು ಚಾಸಿಗೆ ವೆಲ್ಡಿಂಗ್ ಮುಟ್ಟಿಸಲಿಲ್ಲ, ಹಳೇ ಸ್ಪ್ರಿಂಗು ಟೈರು ಎಲ್ಲ ಮನೆಯಲ್ಲೇ ಇಟ್ಟಿದ್ದೀನಿ, ವಿಮೆಯವರಿಗೆ ಬರೆದು ತಿಳಿಸಿದ್ದೀನಿ. ಇದರಿಂದ ಕಾಯ್ದೆಯ ಅಡ್ಡಿ ಕರಗಲ್ಲ, ತಿಳಿದೇ ಮಾಡಿಸಿ.

ಕೆಲಸ ಮುಗಿದ ದಿನವೇ ಅಲೈನ್‌ಮೆಂಟ್ ಮಾಡಿಸಿ ಹೆಡ್‌ಲೈಟ್ ಕೆಳಗೆ ಇಳಿಸಿದೆ. ಇಲ್ಲದಿದ್ದರೆ ಎದುರಿನವರ ಕಣ್ಣಿಗೇ ಹೊಡೆಯುತ್ತೆ. ಫ್ರೇಮಿಗೆ ಜಾಕ್ ಕೊಟ್ಟು ಗಾಲಿ ಜೋತಾಡುವಾಗ ಬ್ರೇಕ್ ಪೈಪು, ಎಬಿಎಸ್ ವೈರು ಬಿಗಿಯಾಗಿಲ್ಲ ಅಂತ ಕೈಯಿಂದ ಮುಟ್ಟಿ ನೋಡಿದೆ. ಹಿಂದಿನ ಬ್ರೇಕಿಗೆ ಲೋಡ್ ಸೆನ್ಸಿಂಗ್ ವಾಲ್ವ್ ಇರುವ ಪಿಕಪ್ ಆದರೆ ಅದರ ಕಡ್ಡಿಯನ್ನೂ ಹೊಂದಿಸಬೇಕು. ಇಲ್ಲಾಂದ್ರೆ ಗಾಡಿ ಸದಾ ಖಾಲಿ ಇದೆ ಅಂತ ತಿಳಿದು ಹಿಂದಿನ ಬ್ರೇಕನ್ನು ಅದು ಕಡಿಮೆ ಮಾಡುತ್ತೆ.

ಹೊಲಕ್ಕೆ ಇಳಿಯುವಾಗ ಗಾಳಿ 20 ಪಿಎಸ್‌ಐಗೆ ತರ್ತೀನಿ, ಡಾಂಬರು ಹತ್ತುವ ಮುಂಚೆ ಸಣ್ಣ ಕಂಪ್ರೆಸರಿನಿಂದ ತುಂಬಿಸ್ತೀನಿ. ರಿಮ್ಮಿನ ಒಳಮೈಯ ರಾಡಿಯನ್ನು ಕಟ್ಟಿಗೆ ತುಂಡಿನಿಂದ ಕೆರೆದೇ ಹೊರಡೋದು. ಒಣಗಿ ಅಂಟಿಕೊಂಡರೆ 80 ದಾಟುತ್ತಲೇ ಸ್ಟೇರಿಂಗ್ ನಡುಗುತ್ತೆ, ಲಿಫ್ಟ್ ಮಾಡಿಸಿದ್ದಕ್ಕೇ ಹೀಗಾಯ್ತು ಅಂತ ಜನ ಮತ್ತೆ ಅಲೈನ್‌ಮೆಂಟಿಗೆ ದುಡ್ಡು ಸುರೀತಾರೆ.